ಬೆನ್ನುನೋವಿಗೆ ಕೈರೋಪ್ರಾಕ್ಟಿಕ್: ನಂಬಿಕೆ ಎಷ್ಟರ ಮಟ್ಟಿಗೆ?

ಬೆನ್ನು ಹಿಡಿದುಕೊಂಡವರ ಸಂಕಟ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಗಾಯವಿಲ್ಲ, ಬಾವಿಲ್ಲ, ಜ್ವರವಿಲ್ಲ. ಆದರೂ ಬಗ್ಗಿ ಕೊಡ ಎತ್ತಲಾಗದು, ರಾತ್ರಿ ಮಗ್ಗುಲು ಬದಲಿಸಲಾಗದು, ಬಸ್ಸಿನ ಮೆಟ್ಟಿಲು ಹತ್ತುವಾಗ ಸೊಂಟದಲ್ಲಿ ಚಳುಕು ಹೊಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟನೋವಿತ್ತು. 2050ರ ಹೊತ್ತಿಗೆ ಅದು 84.3 ಕೋಟಿಗೆ ಏರಬಹುದೆಂಬ ಅಂದಾಜಿದೆ. ಇವರಲ್ಲಿ ಬಹುಪಾಲು ಜನರ ನೋವಿಗೆ ಇಂಥದೇ ಕಾರಣವೆಂದು ಯಾವ ಪರೀಕ್ಷೆಯಿಂದಲೂ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಕಾರಣ ಸಿಗದ ನೋವಿಗೆ ಮದ್ದು ಹೇಳುವವರು ಯಾವಾಗಲೂ ಹೆಚ್ಚು. ಅಂಥ ಮದ್ದುಗಳ ಸಾಲಿನಲ್ಲಿ ಈಚೆಗೆ ನಮ್ಮ ನಗರಗಳಲ್ಲೂ ಹೆಸರು ಮಾಡುತ್ತಿರುವುದು ಕೈರೋಪ್ರಾಕ್ಟಿಕ್. ಮೊಬೈಲಿನಲ್ಲಿ ಅದರ ವೀಡಿಯೊಗಳನ್ನು ನೀವೂ ನೋಡಿರಬಹುದು. ರೋಗಿ ಮೇಜಿನ ಮೇಲೆ ಮಲಗಿರುತ್ತಾನೆ, ಚಿಕಿತ್ಸಕ ಅವನ ಭುಜವನ್ನೂ ಸೊಂಟವನ್ನೂ ಹಿಡಿದು ಫಕ್ಕನೆ ಒತ್ತಿ ತಿರುಗಿಸುತ್ತಾನೆ, ಲಟಲಟ ಎಂದು ಸದ್ದು ಬರುತ್ತದೆ, ರೋಗಿ ನಗುತ್ತಾ ಎದ್ದು ನಿಲ್ಲುತ್ತಾನೆ. ಇದನ್ನು ನಂಬಬಹುದೇ, ನಂಬುವುದಾದರೆ ಎಷ್ಟರ ಮಟ್ಟಿಗೆ ಎಂಬುದನ್ನು ಈ ಹೊತ್ತು ವಿಚಾರ ಮಾಡೋಣ. ನಂಬಿ ಎಂದೋ ನಂಬಬೇಡಿ ಎಂದೋ ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ ನೋವಿನಲ್ಲಿರುವವರಿಗೆ ನ್ಯಾಯ ಸಲ್ಲುವುದಿಲ್ಲ. ಈ ಹೆಸರಿನ ಕೆಳಗೆ ಎರಡು ಸಂಗತಿಗಳು ಸೇರಿಕೊಂಡಿವೆ. ಒಂದು, ಬೆನ್ನಿನ ಕೀಲುಗಳನ್ನು ಕೈಯಿಂದ ಒತ್ತಿ ಸಡಿಲಿಸುವ ಕಸುಬು. ಇನ್ನೊಂದು, ದೇಹದ ಕಾಯಿಲೆಗಳ ಮೂಲ ಬೆನ್ನುಮೂಳೆಯಲ್ಲಿದೆ ಎಂಬ ಸಿದ್ಧಾಂತ. ಕಸುಬಿಗೆ ಒಂದಿಷ್ಟು ಪುರಾವೆ ಇದೆ, ಸಿದ್ಧಾಂತಕ್ಕೆ ಇಲ್ಲ. ಇವೆರಡನ್ನೂ ಬೇರೆ ಮಾಡಿ ನೋಡದೆ ಇರುವುದರಿಂದಲೇ ಜನ ಮೋಸ ಹೋಗುತ್ತಾರೆ ಎಂಬುದು ನನ್ನ ವಾದ.

ಸಿದ್ಧಾಂತ ಹುಟ್ಟಿದ ಬಗೆಯಿಂದ ಶುರುಮಾಡೋಣ. ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಎಂಬ ಊರಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಅಯಸ್ಕಾಂತ ಶಕ್ತಿಯಿಂದ ರೋಗ ಗುಣಪಡಿಸುತ್ತೇನೆಂದು ಚಿಕಿತ್ಸಾಲಯ ನಡೆಸುತ್ತಿದ್ದ. ಅದೇ ಕಟ್ಟಡದಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದ ಹಾರ್ವೆ ಲಿಲ್ಲಾರ್ಡ್ ಎಂಬಾತನಿಗೆ ಬಹಳ ವರ್ಷಗಳಿಂದ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. 1895ರ ಸೆಪ್ಟೆಂಬರಿನಲ್ಲಿ ಪಾಮರ್ ಅವನ ಬೆನ್ನಿನ ಮೇಲೆದ್ದಿದ್ದ ಒಂದು ಮಣಿಯನ್ನು ಒತ್ತಿ ಕೂರಿಸಿದನಂತೆ, ಅವನಿಗೆ ಕಿವಿ ಕೇಳಿಸಿತಂತೆ. ಈ ಒಂದು ಪ್ರಸಂಗದಿಂದ ಪಾಮರ್ ಇಡೀ ಶಾಸ್ತ್ರವನ್ನೇ ಕಟ್ಟಿದ. ಬೆನ್ನುಮೂಳೆಯ ಮಣಿಗಳು ಜಾಗ ತಪ್ಪಿ ನರಗಳನ್ನು ಒತ್ತುತ್ತವೆ, ನೂರಕ್ಕೆ 95ರಷ್ಟು ಕಾಯಿಲೆಗಳಿಗೆ ಇದೇ ಮೂಲ ಎಂದು ಆತ ಬರೆದ. ಈ ಜಾಗ ತಪ್ಪುವಿಕೆಗೆ ಸಬ್‌ಲಕ್ಸೇಶನ್ ಎಂಬ ಹೆಸರು ನಿಂತಿತು. ಆದರೆ ಕಿವಿಯಿಂದ ಮಿದುಳಿಗೆ ಹೋಗುವ ಶ್ರವಣ ನರ ಬೆನ್ನುಮೂಳೆಯ ಹತ್ತಿರ ಹಾಯುವುದೇ ಇಲ್ಲ. ತಲೆಬುರುಡೆಯೊಳಗೇ ನೇರವಾಗಿ ಮಿದುಳನ್ನು ಸೇರುತ್ತದೆ. ಕಟ್ಟಡದ ಮೊದಲ ಕಲ್ಲೇ ಹೀಗೆ ಸಡಿಲವಾಗಿತ್ತು. 1973ರಲ್ಲಿ ಯೇಲ್ ವಿಶ್ವವಿದ್ಯಾಲಯದ ಅಂಗರಚನಾ ತಜ್ಞ ಎಡ್ಮಂಡ್ ಕ್ರೆಲಿನ್ ಸತ್ತವರ ಬೆನ್ನುಮೂಳೆಗಳನ್ನು ಯಂತ್ರದಲ್ಲಿಟ್ಟು ತಿರುಚಿ, ಬಗ್ಗಿಸಿ ಪರೀಕ್ಷಿಸಿದರು. ಪಾಮರ್ ಹೇಳಿದ ರೀತಿಯಲ್ಲಿ ಮಣಿ ಸರಿದು ನರವನ್ನು ಒತ್ತುವುದು ಅವರಿಗೆ ಕಾಣಸಿಗಲಿಲ್ಲ. ಕೊನೆಗೆ 2010ರಲ್ಲಿ ಬ್ರಿಟನ್ನಿನ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್, ಅಂದರೆ ಈ ವೃತ್ತಿಯನ್ನು ನಿಯಂತ್ರಿಸಲೆಂದು ಅಲ್ಲಿನ ಕಾನೂನಿನಡಿ ಸ್ಥಾಪಿತವಾದ ಸಂಸ್ಥೆಯೇ, ಸಬ್‌ಲಕ್ಸೇಶನ್ ರೋಗಕ್ಕೆ ಕಾರಣ ಎನ್ನಲು ವೈದ್ಯಕೀಯ ಸಂಶೋಧನೆಯ ಪುರಾವೆ ಇಲ್ಲ ಎಂದು ಪ್ರಕಟಿಸಿತು.

ಹಾಗಾದರೆ ಆ ಲಟಲಟ ಸದ್ದು ಏನು? ಸರಿದ ಮೂಳೆ ಜಾಗಕ್ಕೆ ಕೂತ ಸದ್ದು ಎಂದು ನೋಡುವವರಿಗೆ ಅನ್ನಿಸುವುದು ಸಹಜ. ನಿಜದಲ್ಲಿ ಅದು ಬೆರಳಿನ ನೆಟಿಕೆ ಮುರಿದಾಗ ಬರುವ ಸದ್ದಿನ ಜಾತಿಯದೇ. ಕೀಲಿನ ಸುತ್ತ ಇರುವ ಚೀಲದಲ್ಲಿ ಜಾರುವ ದ್ರವವಿದೆ, ಆ ದ್ರವದಲ್ಲಿ ಅನಿಲ ಕರಗಿರುತ್ತದೆ. ಕೀಲನ್ನು ಫಕ್ಕನೆ ಅಗಲಿಸಿದಾಗ ಒಳಗೆ ಒತ್ತಡ ಇಳಿದು ಪೊಳ್ಳು ಉಂಟಾಗುತ್ತದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಬೆರಳಿನ ಕೀಲನ್ನು ಎಂಆರ್‌ಐ ಯಂತ್ರದೊಳಗೆ ಎಳೆದು, ಸದ್ದು ಬರುವ ಗಳಿಗೆಯಲ್ಲೇ ಈ ಪೊಳ್ಳು ಮೂಡುವುದನ್ನು ಚಿತ್ರೀಕರಿಸಿದರು. ಸದ್ದು ಜೋರಾಗಿ ಬಂದರೆ ಚಿಕಿತ್ಸೆ ಚೆನ್ನಾಗಿ ಹತ್ತಿತು ಎನ್ನಲು ಆಧಾರವಿಲ್ಲ. ಒತ್ತಿದ ಮೇಲೆ ಸ್ನಾಯುಗಳ ಬಿಗಿತ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ನೋವಿನ ಅರಿವು ಒಂದಿಷ್ಟು ತಗ್ಗುತ್ತದೆ, ಹಾಯೆನಿಸುವುದು ಸುಳ್ಳಲ್ಲ. ಆ ಹಾಯಿ ಎಷ್ಟು ದಿನ ನಿಲ್ಲುತ್ತದೆ, ಬೇರೆ ಉಪಾಯಗಳಿಗಿಂತ ಹೆಚ್ಚೇ ಎಂಬುದನ್ನು ಅಳೆದು ನೋಡಬೇಕು.

ಇಲ್ಲಿ ಕೇಳುಗರು ಒಂದು ಮಾತು ಕೇಳಬಹುದು: ನಮ್ಮ ಪರಿಚಯದವರಿಗೆ ವಾಸಿಯಾಗಿದೆಯಲ್ಲ, ಅಳೆಯುವುದೇನು ಬಂತು? ಈ ಪ್ರಶ್ನೆಗೆ ಉತ್ತರ ಬೆನ್ನುನೋವಿನ ಸ್ವಭಾವದಲ್ಲೇ ಇದೆ. ಹೊಸದಾಗಿ ಹಿಡಿದುಕೊಂಡ ಸೊಂಟ ಬಹುಪಾಲು ಜನರಲ್ಲಿ ಆರು ವಾರದೊಳಗೆ ಏನು ಮಾಡಿದರೂ, ಏನೂ ಮಾಡದಿದ್ದರೂ, ಬಹಳ ಮಟ್ಟಿಗೆ ಸುಧಾರಿಸುತ್ತದೆ. ಹಳೆಯ ನೋವಾದರೂ ಒಂದೇ ಸಮನೆ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ತಡೆಯಲಾಗದಷ್ಟು ಏರಿದ ದಿನವೇ ನಾವು ಯಾರನ್ನಾದರೂ ಹುಡುಕಿಕೊಂಡು ಹೋಗುವುದು. ಅಲ್ಲಿಂದ ಮುಂದೆ ಇಳಿಯುವುದೇ ಹೆಚ್ಚು ಸಂಭವ. ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಯಿತೆಂದು ನಂಬಿದ ಅಜ್ಜಿಯ ಕಥೆ ನಮಗೆಲ್ಲ ಗೊತ್ತು. ಬೆಳಗಾಗುವ ಹೊತ್ತಿಗೆ ಕೂಗಿದ ಯಾವ ಕೋಳಿಗೂ ಆ ಹೆಸರು ಬರುತ್ತದೆ. ಕೈರೋಪ್ರಾಕ್ಟಿಕ್ ಆಗಲಿ, ಎಣ್ಣೆ ನೀವಿಸುವುದಾಗಲಿ, ಮಾತ್ರೆಯಾಗಲಿ, ಬೆನ್ನುನೋವಿನ ವಿಷಯದಲ್ಲಿ ಎಲ್ಲವೂ ಈ ಪರೀಕ್ಷೆಯನ್ನು ದಾಟಬೇಕು. ಒಂದೇ ಬಗೆಯ ನೋವಿರುವ ನೂರಾರು ಜನರನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಈ ಚಿಕಿತ್ಸೆ, ಮತ್ತೊಂದಕ್ಕೆ ಇನ್ನೊಂದು ಚಿಕಿತ್ಸೆ ಕೊಟ್ಟು, ವಾರಗಳು ತಿಂಗಳುಗಳು ಕಳೆದ ಮೇಲೆ ಹೋಲಿಸಬೇಕು. ಈ ಚಿಕಿತ್ಸೆಯ ಮಟ್ಟಿಗೆ ಅಂಥ ಹೋಲಿಕೆ ಸಾಕಷ್ಟು ನಡೆದಿದೆ ಎಂಬುದೇ ಸಮಾಧಾನದ ಸಂಗತಿ.

ಹಳೆಯ ಸೊಂಟನೋವಿನ ಬಗ್ಗೆ 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪರಿಶೀಲನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಸಿಡ್ನಿ ರೂಬಿನ್‌ಸ್ಟೈನ್ ಮತ್ತು ಸಂಗಡಿಗರು 47 ಪ್ರಯೋಗಗಳನ್ನು, 9,211 ರೋಗಿಗಳ ವಿವರವನ್ನು ಒಟ್ಟುಗೂಡಿಸಿ ನೋಡಿದರು. ಬೆನ್ನುಮೂಳೆಯನ್ನು ಒತ್ತುವ ಚಿಕಿತ್ಸೆಯ ಫಲ, ವ್ಯಾಯಾಮದಂಥ ಈಗಾಗಲೇ ಶಿಫಾರಸಾಗಿರುವ ಚಿಕಿತ್ಸೆಗಳ ಫಲಕ್ಕೆ ಹೆಚ್ಚುಕಡಿಮೆ ಸಮ ಎಂದು ಅವರಿಗೆ ಕಂಡಿತು. ನೋವನ್ನು ನೂರು ಅಂಕದಲ್ಲಿ ಅಳೆದರೆ ಒಂದು ತಿಂಗಳಿನಲ್ಲಿ ಕಂಡ ವ್ಯತ್ಯಾಸ ಸುಮಾರು 3 ಅಂಕ. ಅಷ್ಟು ಸಣ್ಣ ವ್ಯತ್ಯಾಸ ರೋಗಿಯ ಅನುಭವಕ್ಕೆ ಬರುವಂಥದ್ದಲ್ಲ. ಹೊಸ ನೋವಿನ ವಿಷಯದಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಕಾಕ್ರೇನ್ ಎಂಬ ಸಂಶೋಧಕರ ಜಾಲದ 2012ರ ಪರಿಶೀಲನೆ 20 ಪ್ರಯೋಗಗಳನ್ನು ನೋಡಿ, ಒತ್ತಿದಂತೆ ನಟಿಸುವ ಹುಸಿ ಚಿಕಿತ್ಸೆಗಿಂತ ಇದು ಮೇಲಲ್ಲ ಎಂದಿತು. 2017ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ನಿನ ಪತ್ರಿಕೆಯಲ್ಲಿ ಬಂದ ಪರಿಶೀಲನೆಯಾದರೋ ಆರು ವಾರದೊಳಗೆ ನೂರಕ್ಕೆ ಸುಮಾರು 10 ಅಂಕದಷ್ಟು ಉಪಶಮನ ಕಂಡಿದೆ ಎಂದಿತು. ಅದೇ ವರ್ಷ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್, ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಬಿಸಿ ಶಾಖ, ಮಸಾಜು, ಬೆನ್ನುಮೂಳೆಯ ಕೈಚಿಕಿತ್ಸೆ ಇಂಥವನ್ನು ಯೋಚಿಸಿ ಎಂದು ವೈದ್ಯರಿಗೆ ಸಲಹೆ ಕೊಟ್ಟಿತು. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2016ರಲ್ಲಿ ಇನ್ನೂ ಬಿಗಿಯಾದ ಮಾತು ಹೇಳಿತು: ಕೈಚಿಕಿತ್ಸೆ ಕೊಡಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ, ಅದೊಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಹಳೆಯ ಸೊಂಟನೋವಿಗೆ ಇದಕ್ಕೆ ಜಾಗವಿದೆ. ಸೊಂಟಕ್ಕೆ ಬಿಗಿಯುವ ಪಟ್ಟಿಗೂ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್‌ಗೂ ಅಲ್ಲಿ ಜಾಗವಿಲ್ಲ. ಇಷ್ಟನ್ನೂ ಕೂಡಿಸಿ ನೋಡಿದರೆ, ಕೈಚಿಕಿತ್ಸೆ ಪೊಳ್ಳಲ್ಲ, ಪವಾಡವೂ ಅಲ್ಲ. ಸಾಧಾರಣ ಫಲ ಕೊಡುವ ಹಲವು ಉಪಾಯಗಳಲ್ಲಿ ಅದೂ ಒಂದು. ಗಮನಿಸಿ, ಈ ಪ್ರಯೋಗಗಳಲ್ಲಿ ಒತ್ತುವ ಕೆಲಸ ಮಾಡಿದವರು ಕೈರೋಪ್ರಾಕ್ಟರುಗಳು ಮಾತ್ರವಲ್ಲ. ಫಿಸಿಯೋಥೆರಪಿಸ್ಟರೂ ಇದ್ದಾರೆ, ಮೂಳೆ-ಕೀಲುಗಳ ಕೈಚಿಕಿತ್ಸಕರಾದ ಆಸ್ಟಿಯೋಪಾತರೂ ಇದ್ದಾರೆ. ಸಿಕ್ಕ ಫಲ ಕೈಯ ಕಸುಬಿನದು, ಪಾಮರನ ಸಿದ್ಧಾಂತದ್ದಲ್ಲ.

ನನ್ನ ಮಟ್ಟಿಗೆ ಈ ಸಂಶೋಧನಾ ಸಾಹಿತ್ಯದಲ್ಲೆಲ್ಲ ಹೆಚ್ಚು ಕಲಿಸುವುದು 1998ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಒಂದು ಪ್ರಯೋಗ. ಅಮೆರಿಕದ ಡ್ಯಾನಿಯಲ್ ಚೆರ್ಕಿನ್ ಮತ್ತು ಸಂಗಡಿಗರು ಸೊಂಟನೋವಿನ 321 ಜನರನ್ನು ಮೂರು ಪಾಲು ಮಾಡಿದರು. ಒಂದು ಪಾಲಿಗೆ ಕೈರೋಪ್ರಾಕ್ಟಿಕ್, ಇನ್ನೊಂದಕ್ಕೆ ಮೆಕೆಂಝಿ ಎಂಬ ವ್ಯಾಯಾಮ ಪದ್ಧತಿಯ ಫಿಸಿಯೋಥೆರಪಿ, ಮೂರನೆಯದಕ್ಕೆ ಬೆನ್ನುನೋವಿನ ಬಗ್ಗೆ ತಿಳಿಸಿ ಹೇಳುವ ಒಂದು ಪುಟ್ಟ ಪುಸ್ತಕ, ಅಷ್ಟೇ. ತಿಂಗಳು ಕಳೆದಾಗ ಮೊದಲ ಎರಡು ಗುಂಪುಗಳು ಪುಸ್ತಕದ ಗುಂಪಿಗಿಂತ ಒಂದು ಎಳೆಯಷ್ಟು ಮುಂದಿದ್ದವು. ವರ್ಷ ಕಳೆದಾಗಲೂ ಅಂತರ ಸಣ್ಣದೇ ಆಗಿತ್ತು. ಕೈರೋಪ್ರಾಕ್ಟಿಕ್‌ಗೂ ಫಿಸಿಯೋಥೆರಪಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಎರಡು ವರ್ಷದ ಸರಾಸರಿ ಖರ್ಚು ಫಿಸಿಯೋಥೆರಪಿಯವರಿಗೆ 437 ಡಾಲರ್, ಕೈರೋಪ್ರಾಕ್ಟಿಕ್‌ನವರಿಗೆ 429 ಡಾಲರ್, ಪುಸ್ತಕದವರಿಗೆ 153 ಡಾಲರ್. ಆದರೆ ನಿಮಗೆ ಸಿಕ್ಕ ಆರೈಕೆ ಹೇಗಿತ್ತು ಎಂದು ಕೇಳಿದಾಗ, ಚಿಕಿತ್ಸೆ ಪಡೆದ ಎರಡೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 75 ಮಂದಿ ಬಹಳ ಚೆನ್ನಾಗಿತ್ತು ಅಥವಾ ಅತ್ಯುತ್ತಮವಾಗಿತ್ತು ಎಂದರು. ಪುಸ್ತಕದ ಗುಂಪಿನಲ್ಲಿ ಹಾಗೆಂದವರು ಸುಮಾರು 30 ಮಂದಿ ಮಾತ್ರ. ವಾಸಿಯಾದದ್ದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ತೃಪ್ತಿ ಮಾತ್ರ ಎರಡರಷ್ಟಕ್ಕೂ ಮಿಗಿಲು. ಈ ತೃಪ್ತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೋವಿನಲ್ಲಿರುವ ಮನುಷ್ಯನ ಮಾತನ್ನು ಯಾರೋ ಕೂತು ಕೇಳಿದರು, ನೋವಿರುವ ಜಾಗವನ್ನು ಕೈಯಿಟ್ಟು ಮುಟ್ಟಿದರು, ಮತ್ತೆ ಬನ್ನಿ ಎಂದರು. ನಮ್ಮ ದೊಡ್ಡ ಆಸ್ಪತ್ರೆಗಳ ಹೊರರೋಗಿ ವಿಭಾಗದ ನೂಕುನುಗ್ಗಲಲ್ಲಿ ಎರಡು ನಿಮಿಷಕ್ಕೆ ಚೀಟಿ ಬರೆದು ಕಳಿಸುವಾಗ ಸಿಗದೆ ಹೋಗುವುದು ಇದೇ. ಆದರೂ ತೃಪ್ತಿ ಬೇರೆ, ಗುಣ ಬೇರೆ. ವೀಡಿಯೊದಲ್ಲಿ ನಗುತ್ತಾ ಎದ್ದು ನಿಂತ ರೋಗಿ ನಮಗೆ ತೋರಿಸುವುದು ತೃಪ್ತಿಯನ್ನು. ಮೂರು ತಿಂಗಳ ಮೇಲೆ ಅವನ ಸೊಂಟ ಹೇಗಿದೆ ಎಂಬುದನ್ನು ವೀಡಿಯೊ ತೋರಿಸುವುದಿಲ್ಲ.

ನನ್ನ ವಾದಕ್ಕೆ ಬರುವ ದೊಡ್ಡ ಆಕ್ಷೇಪ ಎಂದರೆ, ಕೈರೋಪ್ರಾಕ್ಟಿಕ್ ಬಗ್ಗೆ ಅಲೋಪತಿಯವರು ಹೇಳುವುದು ಹೊಟ್ಟೆಕಿಚ್ಚಿನ ಮಾತು ಎಂಬುದು. ಇದಕ್ಕೆ ಚರಿತ್ರೆಯ ಆಧಾರವೂ ಇದೆ, ಮರೆಮಾಚಬಾರದು. ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ 1963ರಲ್ಲಿ ನಕಲಿ ವೈದ್ಯದ ವಿರುದ್ಧ ಒಂದು ಸಮಿತಿ ಮಾಡಿ, ಕೈರೋಪ್ರಾಕ್ಟರುಗಳ ಜೊತೆ ಯಾವ ವೃತ್ತಿ ಸಂಬಂಧವನ್ನೂ ಇಟ್ಟುಕೊಳ್ಳದಂತೆ ವೈದ್ಯರನ್ನು ತಡೆಯಿತು. ಚೆಸ್ಟರ್ ವಿಲ್ಕ್ ಮತ್ತು ಕೆಲವು ಕೈರೋಪ್ರಾಕ್ಟರುಗಳು 1976ರಲ್ಲಿ ನ್ಯಾಯಾಲಯಕ್ಕೆ ಹೋದರು. 1987ರಲ್ಲಿ ನ್ಯಾಯಾಧೀಶೆ ಸೂಸನ್ ಗೆಟ್ಝೆಂಡ್ಯಾನರ್, ವೈದ್ಯರ ಸಂಘ ನಡೆಸಿದ್ದು ಕಾನೂನುಬಾಹಿರ ಬಹಿಷ್ಕಾರ ಎಂದು ತೀರ್ಪು ಕೊಟ್ಟರು. 1990ರಲ್ಲಿ ಮೇಲ್ಮನವಿಯಲ್ಲೂ ಅದು ನಿಂತಿತು. ವೈದ್ಯರು ಮಾಡಿದ್ದು ತಪ್ಪು ಎಂದು ನಾನೂ ಹೇಳುತ್ತೇನೆ. ಆದರೆ ಆ ಮೊಕದ್ದಮೆ ವ್ಯಾಪಾರ ಸ್ಪರ್ಧೆಯ ಕಾನೂನಿನದು. ಬೆನ್ನುಮೂಳೆಯ ಸಿದ್ಧಾಂತ ನಿಜವೆಂದು ಆ ತೀರ್ಪು ಹೇಳಿಲ್ಲ. ಇದೇ ಆಕ್ಷೇಪದ ಇನ್ನೊಂದು ಮುಖವೂ ಇದೆ: ಅಲೋಪತಿ ಮಾತ್ರ ಬೆನ್ನುನೋವಿಗೆ ಏನು ಸಾಧಿಸಿದೆ? ಈ ಪ್ರಶ್ನೆ ಪೂರ್ತಿ ನ್ಯಾಯವಾದದ್ದು. 2014ರಲ್ಲಿ ಆಸ್ಟ್ರೇಲಿಯಾದಲ್ಲಿ ಹೊಸ ಸೊಂಟನೋವಿನ ಸುಮಾರು 1,650 ಜನರ ಮೇಲೆ ಪ್ಯಾರಾಸಿಟಮಾಲ್ ಪರೀಕ್ಷಿಸಿದರು. ಮಾತ್ರೆ ತಿಂದವರು ಚೇತರಿಸಿಕೊಳ್ಳಲು ಹಿಡಿದದ್ದು ಸಾಮಾನ್ಯವಾಗಿ 17 ದಿನ, ಔಷಧವಿಲ್ಲದ ಹುಸಿ ಮಾತ್ರೆ ತಿಂದವರಿಗೆ 16 ದಿನ. 2023ರಲ್ಲಿ ಅದೇ ದೇಶದವರು 347 ಜನರ ಮೇಲೆ ಅಫೀಮಿನ ಜಾತಿಯ ಬಲವಾದ ನೋವುನಿವಾರಕವನ್ನು ಪರೀಕ್ಷಿಸಿದಾಗ, ಆರು ವಾರದ ಮೇಲೆ ಅದೂ ಹುಸಿ ಮಾತ್ರೆಗಿಂತ ಮೇಲಾಗಿ ಕಾಣಲಿಲ್ಲ. ಸ್ಕ್ಯಾನಿಂಗ್ ಕಥೆಯೂ ಹೀಗೇ. 2015ರಲ್ಲಿ ಒಟ್ಟುಗೂಡಿಸಿದ ಒಂದು ಅಧ್ಯಯನದಂತೆ, ಯಾವ ಬೆನ್ನುನೋವೂ ಇಲ್ಲದ 3,110 ಜನರ ಸ್ಕ್ಯಾನ್ ನೋಡಿದರೆ, 20ರ ಹರೆಯದವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. 80 ವರ್ಷ ವಯಸ್ಸಿನವರಲ್ಲಿ ನೂರಕ್ಕೆ 84 ಮಂದಿಗೆ. ಹಾಗಿದ್ದೂ ರಿಪೋರ್ಟಿನಲ್ಲಿ ಡಿಸ್ಕ್ ಉಬ್ಬಿದೆ ಎಂಬ ಸಾಲು ಓದಿ ಹೆದರಿ ಶಸ್ತ್ರಚಿಕಿತ್ಸೆಯ ಮೇಜಿನವರೆಗೆ ಹೋಗುವವರಿದ್ದಾರೆ. ಆದ್ದರಿಂದ ನಾವು ಒಂದೇ ಅಳತೆಗೋಲನ್ನು ಎಲ್ಲರ ಮೇಲೂ ಇಡಬೇಕು. ವೈದ್ಯರ ಮಾತ್ರೆ ಸೋತಿದೆ ಎಂದಾಕ್ಷಣ ಇನ್ನೊಬ್ಬರ ಮಾತು ಗೆದ್ದಂತೆ ಆಗುವುದಿಲ್ಲ.

ಇನ್ನೊಂದು ಆಕ್ಷೇಪ ಪ್ರಾಮಾಣಿಕ ಕೈರೋಪ್ರಾಕ್ಟರುಗಳದು. ಪಾಮರನ ಕಾಲ ಹೋಯಿತು, ನಾವು ಇಂದು ಬೆನ್ನು ಮತ್ತು ಕತ್ತಿನ ನೋವಿಗಷ್ಟೇ ಚಿಕಿತ್ಸೆ ಕೊಡುತ್ತೇವೆ, ಸಂಶೋಧನೆ ಓದುತ್ತೇವೆ, ವ್ಯಾಯಾಮ ಹೇಳಿಕೊಡುತ್ತೇವೆ ಎಂದು ಅವರು ಹೇಳುತ್ತಾರೆ. ಅಂಥವರು ಇದ್ದಾರೆ, ಅವರಿಗೆ ಗೌರವ ಸಲ್ಲಬೇಕು. ಮೇಲೆ ಹೇಳಿದ ಪ್ರಯೋಗಗಳಲ್ಲಿ ಕೆಲವನ್ನು ನಡೆಸಿದವರಲ್ಲೇ ಕೈರೋಪ್ರಾಕ್ಟಿಕ್ ಕಲಿತವರಿದ್ದಾರೆ. ಆದರೆ ಹಳೆಯ ಸಿದ್ಧಾಂತವನ್ನು ವೃತ್ತಿ ಪೂರ್ತಿ ಕೈಬಿಟ್ಟಿಲ್ಲ. ಪಂಜಾಬಿನಿಂದ ಬ್ರಿಟನ್ನಿಗೆ ವಲಸೆ ಹೋದ ಕುಟುಂಬದ ವಿಜ್ಞಾನ ಲೇಖಕ ಸೈಮನ್ ಸಿಂಗ್ 2008ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಒಂದು ಲೇಖನ ಬರೆದರು. ಹಸುಗೂಸುಗಳ ಹೊಟ್ಟೆನುಲಿತ, ಕಿವಿಯ ಸೋಂಕು, ಉಬ್ಬಸ ಇವಕ್ಕೆಲ್ಲ ಬೆನ್ನು ಒತ್ತಿದರೆ ಗುಣವೆಂದು ಬ್ರಿಟಿಷ್ ಕೈರೋಪ್ರಾಕ್ಟಿಕ್ ಅಸೋಸಿಯೇಶನ್ ಹೇಳಿಕೊಳ್ಳುತ್ತಿರುವುದಕ್ಕೆ ಪುರಾವೆ ಇಲ್ಲ ಎಂಬುದು ಅವರ ಮಾತು. ಸಂಘ ಪುರಾವೆ ಮುಂದಿಡುವ ಬದಲು ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿತು. ಎರಡು ವರ್ಷ ಎಳೆದಾಡಿ, ಮೇಲ್ಮನವಿಯ ನ್ಯಾಯಾಲಯ ಸಿಂಗ್ ಪರವಾಗಿ ನಿಂತ ಮೇಲೆ, 2010ರ ಏಪ್ರಿಲಿನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಬ್ರಿಟನ್ನಿನ ಮಾನನಷ್ಟ ಕಾನೂನು 2013ರಲ್ಲಿ ತಿದ್ದುಪಡಿಯಾಗಲು ಈ ಪ್ರಕರಣವೂ ಒಂದು ಕಾರಣ. ಆಸ್ಟ್ರೇಲಿಯಾದಲ್ಲಿ ಎಳೆಗೂಸಿನ ಮೇಲೆ ಕೈರೋಪ್ರಾಕ್ಟಿಕ್ ಮಾಡುವ ವೀಡಿಯೊ ನೋಡಿ ಜನ ಸಿಡಿದೆದ್ದಾಗ, ಅಲ್ಲಿನ ಕೈರೋಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆಯನ್ನು ಒತ್ತಬೇಡಿ ಎಂದು ಮಧ್ಯಂತರ ಸೂಚನೆ ಹೊರಡಿಸಬೇಕಾಯಿತು. ವಯಸ್ಕರ ಸೊಂಟನೋವಿಗೆ ಸಿಕ್ಕ ಸಾಧಾರಣ ಪುರಾವೆಯ ಬಲದಲ್ಲಿ ಕೂಸಿನ ಉಬ್ಬಸಕ್ಕೆ ಕೈ ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ನೋವು ಹೋದ ಮೇಲೂ ತಿಂಗಳು ತಿಂಗಳು ಬಂದು ಒತ್ತಿಸಿಕೊಳ್ಳಿ, ಇಲ್ಲದಿದ್ದರೆ ಬೆನ್ನುಮೂಳೆ ಮತ್ತೆ ಸರಿಯುತ್ತದೆ ಎನ್ನುವವರೂ ಇದ್ದಾರೆ. ಈ ಮಾತಿನ ಪರವಾಗಿಯೂ ಒಂದು ಪ್ರಯೋಗವಿದೆ ಎಂದು ಹೇಳುವುದು ನ್ಯಾಯ. 2018ರಲ್ಲಿ ಸ್ವೀಡನ್ನಿನಲ್ಲಿ, ಮೊದಲ ಕೆಲವು ಭೇಟಿಗಳಲ್ಲೇ ಗುಣ ಕಂಡ 328 ಜನರನ್ನು ಆರಿಸಿ, ಅರ್ಧ ಜನರಿಗೆ ಮೊದಲೇ ಗೊತ್ತುಮಾಡಿದ ಅವಧಿಗೊಮ್ಮೆ, ಉಳಿದವರಿಗೆ ನೋವು ಬಂದಾಗಷ್ಟೇ ಚಿಕಿತ್ಸೆ ಕೊಟ್ಟರು. ಮೊದಲ ಗುಂಪಿಗೆ ವರ್ಷದಲ್ಲಿ ಸುಮಾರು 13 ನೋವಿನ ದಿನಗಳು ಕಡಿಮೆಯಾದವು. ಮತ್ತೆ ಮತ್ತೆ ನೋವು ಮರುಕಳಿಸುವ, ಒತ್ತಿದ್ದರಿಂದ ಗುಣ ಕಂಡೇ ಇರುವ ಕೆಲವರಿಗೆ ಇದು ಉಪಯೋಗವೇ. ಮೊದಲ ದಿನವೇ ಎಲ್ಲರಿಗೂ ವರ್ಷದ ಪ್ಯಾಕೇಜು ಮಾರುವುದಕ್ಕೆ ಇದು ಸಮರ್ಥನೆ ಆಗದು.

ಅಪಾಯದ ವಿಚಾರಕ್ಕೆ ಬರೋಣ. ಸೊಂಟದ ಭಾಗವನ್ನು ಕಲಿತವರು ಒತ್ತಿದಾಗ ಆಗುವ ತೊಂದರೆ ಬಹುಮಟ್ಟಿಗೆ ಒಂದೆರಡು ದಿನದ ಮೈಕೈ ನೋವು ಅಷ್ಟೇ. ದೊಡ್ಡ ಅನಾಹುತ ಬಹಳ ಅಪರೂಪ. ಕುತ್ತಿಗೆಯ ವಿಷಯ ಹಾಗಲ್ಲ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ರಕ್ತನಾಳಗಳು ಕತ್ತಿನ ಮಣಿಗಳ ರಂಧ್ರಗಳ ಮೂಲಕವೇ ಮೇಲೇರುತ್ತವೆ. ಕತ್ತನ್ನು ಫಕ್ಕನೆ ತಿರುಚಿದಾಗ ಆ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆದ ಪ್ರಕರಣಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಇದಕ್ಕೂ ಆಕ್ಷೇಪವಿದೆ. ಕೆನಡಾದ ಆಂಟಾರಿಯೊದಲ್ಲಿ ಡೇವಿಡ್ ಕ್ಯಾಸಿಡಿ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಂಥ ಪಾರ್ಶ್ವವಾಯುವಿಗೆ ಮೊದಲು ರೋಗಿಗಳು ಕೈರೋಪ್ರಾಕ್ಟರ ಬಳಿ ಹೋದ ಹಾಗೆಯೇ ಸಾಮಾನ್ಯ ವೈದ್ಯರ ಬಳಿಯೂ ಹೋಗಿದ್ದರು. ನಾಳ ಆಗಲೇ ಹರಿಯಲು ಶುರುವಾಗಿ, ಅದರಿಂದ ಕುತ್ತಿಗೆ ನೋವು ಬಂದು, ಆ ನೋವಿಗಾಗಿಯೇ ಅವರು ಹೋಗಿರಬಹುದು ಎಂಬುದು ವಾದ. ಈ ವಾದದಲ್ಲಿ ಹುರುಳಿದೆ. ಆದರೆ ಹರಿಯಲು ಶುರುವಾದ ನಾಳವಿರುವ ಕತ್ತನ್ನು ತಿರುಚುವುದು ಇನ್ನೂ ಅಪಾಯವಲ್ಲವೇ? ಅಮೆರಿಕನ್ ಹಾರ್ಟ್ ಅಸೋಸಿಯೇಶನ್ 2014ರಲ್ಲಿ, ಕಾರಣ ಸಂಬಂಧ ಪೂರ್ತಿ ಸಾಬೀತಾಗಿಲ್ಲದಿದ್ದರೂ, ಕತ್ತು ತಿರುಚುವ ಮೊದಲು ಈ ನಂಟಿನ ಬಗ್ಗೆ ರೋಗಿಗೆ ತಿಳಿಸಬೇಕು ಎಂದಿತು. ಸೊಂಟನೋವಿಗೆಂದು ಹೋದವರ ಕತ್ತನ್ನು ತಿರುಚುವುದಕ್ಕಂತೂ ಯಾವ ಪುರಾವೆಯೂ ಇಲ್ಲ. ನಮ್ಮ ಕ್ಷೌರದಂಗಡಿಗಳಲ್ಲಿ ತಲೆ ನೀವಿದ ಮೇಲೆ ಕತ್ತನ್ನು ಆಚೆ ಈಚೆ ತಿರುಗಿಸಿ ನೆಟಿಕೆ ತೆಗೆಯುವ ರೂಢಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಇನ್ನು ಚಿಕಿತ್ಸಕರ ಮೇಲಿನ ನಿಯಂತ್ರಣದ ವಿಚಾರ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಕೈರೋಪ್ರಾಕ್ಟರುಗಳಿಗೆ ಪರವಾನಗಿ ಬೇಕು. 1974ರಲ್ಲಿ ಲೂಸಿಯಾನಾ ರಾಜ್ಯವೂ ಕಾನೂನು ಮಾಡಿದಾಗ ಆ ಸುತ್ತು ಮುಗಿಯಿತು. ಬ್ರಿಟನ್ನಿನಲ್ಲಿ 1994ರ ಕಾಯ್ದೆಯಿದೆ. ತಪ್ಪು ಮಾಡಿದವರ ಹೆಸರನ್ನು ನೋಂದಣಿಯಿಂದ ತೆಗೆಯುವ ವ್ಯವಸ್ಥೆ ಅಲ್ಲಿದೆ. ನಮ್ಮ ದೇಶದಲ್ಲಿ ಕೈರೋಪ್ರಾಕ್ಟಿಕ್‌ಗೆಂದೇ ಅಂಥ ಪ್ರತ್ಯೇಕ ಕಾಯ್ದೆಯಿಲ್ಲ. ಹಾಗಾಗಿ ಹೊರದೇಶದಲ್ಲಿ ಹಲವು ವರ್ಷ ಓದಿ ಬಂದವರೂ, ಕೆಲವೇ ದಿನದ ತರಬೇತಿ ಮುಗಿಸಿದವರೂ ಒಂದೇ ಬೋರ್ಡು ಹಾಕಿಕೊಂಡು ಕೂರಬಹುದು, ಜನರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಫಿಸಿಯೋಥೆರಪಿಗಾದರೆ ಕಾಲೇಜು, ಪದವಿ ಇದೆ. 2021ರ ಕೇಂದ್ರ ಕಾಯ್ದೆಯ ಚೌಕಟ್ಟೂ ಇದೆ. ಫಲ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಹೊಣೆ ಹೊರುವವರು ಯಾರೆಂದು ಗೊತ್ತಿರುವ ಕಡೆ ಹೋಗುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಖರ್ಚಿಲ್ಲದ ದಾರಿಗಳಿಗೂ ಪುರಾವೆಯ ಬಲವಿದೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾರ್ಗದರ್ಶನ ಕೊಟ್ಟು ಕ್ರಮವಾಗಿ ನಡೆಯಲು ಕಲಿಸಿದರು. ನಡೆದವರಿಗೆ ನೋವು ಮರುಕಳಿಸಲು ಸಾಮಾನ್ಯವಾಗಿ 208 ದಿನ ಹಿಡಿಯಿತು, ಉಳಿದವರಿಗೆ 112 ದಿನ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಬಳಿ ಕಲಿತ ಬಿ. ಕೆ. ಎಸ್. ಅಯ್ಯಂಗಾರರ ಪದ್ಧತಿಯನ್ನು ಆಧರಿಸಿದ ಯೋಗ ತರಗತಿಗಳನ್ನು ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 313 ಜನರ ಮೇಲೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಯೋಗ ಮಾಡಿದವರು ದಿನನಿತ್ಯದ ಕೆಲಸಗಳಲ್ಲಿ ಬೆನ್ನನ್ನು ಇತರರಿಗಿಂತ ಚೆನ್ನಾಗಿ ಬಳಸಬಲ್ಲವರಾದರು. ನೋವಿನ ಅಂಕದಲ್ಲಿ ದೊಡ್ಡ ಅಂತರ ಕಾಣಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ನಮ್ಮದು ಎಂಬ ಅಭಿಮಾನಕ್ಕೆ ಅಳತೆಗೋಲನ್ನು ಬಗ್ಗಿಸುವಂತಿಲ್ಲ.

ಇಷ್ಟರ ಮೇಲೂ ಕೈರೋಪ್ರಾಕ್ಟರ ಬಳಿ ಹೋಗಬೇಕೆಂದು ನಿಮಗೆ ಅನ್ನಿಸಿದರೆ ಹೋಗಿ, ನಾನು ಬೇಡವೆನ್ನುವುದಿಲ್ಲ. ಹೋದಾಗ ಎಲ್ಲಿ ಕಲಿತಿರಿ ಎಂದು ಕೇಳಿ. ಎಷ್ಟು ಸಲ ಬರಬೇಕು, ಅಷ್ಟರಲ್ಲಿ ಗುಣ ಕಾಣದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿ. ಮನೆಯಲ್ಲಿ ಮಾಡುವ ವ್ಯಾಯಾಮ ಹೇಳಿಕೊಡುವವರಾದರೆ, ಮೂರು ನಾಲ್ಕು ವಾರದಲ್ಲಿ ಗುಣ ಕಾಣದಿದ್ದರೆ ನಿಲ್ಲಿಸೋಣ ಎನ್ನುವವರಾದರೆ, ಸೊಂಟನೋವಿನ ಮಟ್ಟಿಗೆ ಅವರನ್ನು ನಂಬಬಹುದು. ಬೆನ್ನುಮೂಳೆ ಸರಿಮಾಡಿ ಸಕ್ಕರೆ ಕಾಯಿಲೆ, ಉಬ್ಬಸ, ಮಕ್ಕಳ ಕಾಯಿಲೆ ವಾಸಿಮಾಡುತ್ತೇನೆ ಎನ್ನುವವರನ್ನು ಸೊಂಟನೋವಿಗೂ ನಂಬಬೇಡಿ. ಕತ್ತು ತಿರುಚಲು ಬಂದರೆ ಬೇಡ ಎಂದು ಬಾಯಿಬಿಟ್ಟು ಹೇಳಿ. ಹಾಗೆ ಹೇಳುವ ಹಕ್ಕು ನಿಮಗಿದೆ. ಬೆನ್ನುನೋವಿನ ಜೊತೆಗೆ ತೊಡೆಯ ಸಂದು, ಗುದದ ಸುತ್ತ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಕಾಲಿನ ಶಕ್ತಿ ಇಳಿಯುತ್ತಾ ಬಂದರೆ, ಅದು ನರಗಳ ಗೊಂಚಲು ಒತ್ತಿಹೋಗುತ್ತಿರುವ ಲಕ್ಷಣ. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಬಿದ್ದು ಪೆಟ್ಟಾಗಿರುವುದು, ವಯಸ್ಸಾದವರ ಮೂಳೆ ಸವೆದಿರುವುದು, ಇವುಗಳಲ್ಲಿ ಒಂದಿದ್ದರೂ ಬೆನ್ನನ್ನು ಯಾರ ಕೈಗೂ ಒತ್ತಲು ಕೊಡದೆ, ಮೊದಲು ವೈದ್ಯರಿಗೆ ತೋರಿಸಿ.